ಕೊಪ್ಪರಿಗೆಯಲ್ಲಿ ಕಂಡ ದೇವರು

ಮುರಗೆಪ್ಪಣ್ಣಾ, ನೀನೆಲ್ಲಿದ್ದೀಯೋ ಗೊತ್ತಿಲ್ಲ.

ಬೆಲ್ಲದ ಕೊಪ್ಪರಿಗೆಯಲ್ಲಿ ನಿನಗೆ ದೇವರು ಕಂಡ ಕಥೆಯನ್ನು ಮೊದಲು ಹೇಳಿದವಳು ಕಸ್ತೂರೆವ್ವ ಅತ್ತಿ, ಎಂಬತ್ತೇಳನೇ ಇಸವಿಯಲ್ಲಿ ನೀನು ಮನೆ ಬಿಟ್ಟ ಮರುದಿನ. ನಿನ್ನೆ ನಮ್ಮೂರು ಜುಗೂಳದ ಕಬ್ಬಿನ ಗಾಣದಲ್ಲಿ ಮತ್ತೆ ಹೇಳಿದಳು.

"ಬಂಗಾರದಂಥಾ ಬೆಳಕು ಕರೀತು, ಇಂವ ಎದ್ದು ಹ್ವಾದಾ."

ನನಗೆ ತಡೆಯಲಾಗಲಿಲ್ಲ. "ನಿದ್ದಿಗೆಟ್ಟು ಉರಿ ಮುಂದ ಕುಂತ್ರ ನನಗೂ ಕಾಣತೈತಿ, ಅತ್ತಿ. ಹೆಂಡತಿನ್ನ ಬಿಟ್ಟು ಬಾ ಅಂತ ಯಾವ ದೇವರು ಅಂತಾನ?"

"ಪಾಪಿ, ನಿನಗ ಬರೇ ನೊರಿ ಕಾಣತೈತಿ!"

ಸುತ್ತ ಕೂತು ಕೇಳುತ್ತಿದ್ದವರೆಲ್ಲ ನಕ್ಕರು. ನಿನ್ನ ಹೆಂಡತಿ, ನಮ್ಮ ವೈನಿ, ನಗಲಿಲ್ಲ.

ಇಂದು ಮುಂಜಾನೆ ಕಥೆ ಕೇಳಿದವರೆಲ್ಲ ಬಂದು ಕೊಪ್ಪರಿಗೆಗೆ ಹೂ ಏರಿಸಿ ಕಾಯಿ ಒಡೆದರು. ಅವರು ಹೋದ ಮೇಲೆ ವೈನಿ ಆ ಹೂವನ್ನೆಲ್ಲ ಒಲೆಗೆ ಎಸೆದಳು. ಬೆಂಕಿ ನಾನು ಹಚ್ಚಿದೆ. ಕಬ್ಬಿನ ಹಾಲು ಕುದಿಯುವವರೆಗೂ ಇಬ್ಬರೂ ಕೊಪ್ಪರಿಗೆಯೊಳಗೇ ನೋಡುತ್ತ ನಿಂತೆವು.