ಬೋಲ್ಟಿನ ಮೂಗುದಾರ

ಯಲ್ಲೇಶ,

ಇದನ್ನು ನಿನಗೆ ಕಳಿಸುವ ಮುಖ ನನಗಿಲ್ಲ. ಆದರೂ ಇವತ್ತು ನಡೆದದ್ದನ್ನು ನಿನಗಲ್ಲದೆ ಇನ್ನಾರಿಗೆ ಹೇಳಲಿ?

ನನ್ನ ಜೊತೆ ಜಗಳವಾಡಿ, ಕೆಲಸ ಬಿಟ್ಟು ಕುಬಿಹಾಳಕ್ಕೆ ಹೋದಾಗ ನೀನು ನಮ್ಮ ಗ್ಯಾರೇಜಿನಲ್ಲಿ ಒಂದು ಡಬ್ಬಿ ಬಿಟ್ಟಿದ್ದೆ. ಅದರೊಳಗಿನ ಒಂದೊಂದು ಬೋಲ್ಟಿನ ತಲೆಗೂ ಸಣ್ಣ ತೂತು ಕೊರೆದಿದ್ದೆ. ಅದರಲ್ಲಿ ತಂತಿ ಪೋಣಿಸಿ ಕಟ್ಟಿದರೆ ರೇಸಿನಲ್ಲಿ ಬೈಕು ಎಷ್ಟು ಅದುರಿದರೂ ಬೋಲ್ಟು ಬಿಚ್ಚುವುದಿಲ್ಲ ಎನ್ನುತ್ತಿದ್ದೆ. "ಬಾರಲೇ, ಯಾ ಕಡೆ ಸುತ್ತಬೇಕು ತೋರಸ್ತೀನಿ" ಎಂದು ಕರೆದಿದ್ದೆ. "ಎತ್ತಿಗೆ ಹಾಕಿದಂಗ ಬೋಲ್ಟಿಗೂ ಮೂಗುದಾರ ಹಾಕ್ತೀಯೇನಲೇ?" ಎಂದು ಗಿರಾಕಿಗಳ ಮುಂದೆ ನಿನ್ನನ್ನು ನಗೆಗೀಡು ಮಾಡಿದವನು ನಾನು.

ಇವತ್ತು ಅವೇ ಬೋಲ್ಟು ಹಾಕಿ ಒಂದು ಬೈಕನ್ನು ಹುಬ್ಬಳ್ಳಿಯ ರೇಸಿಗೆ ಒಯ್ದಿದ್ದೆ. ಬೈಕು ತಪಾಸಣೆ ಮಾಡುವ ಹಿರಿಯರೊಬ್ಬರು ಎಂಜಿನ್ನಿನ ಆಯಿಲ್ ಸೋರದಂತೆ ಹಾಕುವ ಬೋಲ್ಟನ್ನು ಬಗ್ಗಿ ನೋಡಿದರು.

"ಭಾಳ ಚಂದ ಕೊರದೀರಿ. ಯಾರ ಕೈ ಇದು?"

"ನಂದ್ರಿ," ಎಂದೆ.

ಅವರು ತಂತಿಯನ್ನು ಬೆರಳಿನಿಂದ ಜಗ್ಗಿದರು. "ಹಂಗಾರ ತಂತಿ ಯಾಕ ಉಲ್ಟಾ ಕಟ್ಟೀರಿ? ಇದು ಬೋಲ್ಟನ್ನ ಬಿಗಿ ಹಿಡಿಯೂದಿಲ್ಲ, ಬಿಚ್ಚೂ ಕಡೆ ಎಳೀತೈತಿ."

ಸುತ್ತ ನಿಂತಿದ್ದ ಹುಡುಗರು ಕಿಸಕ್ಕನೆ ನಕ್ಕರು. ಹಿರಿಯರು ಮಾತ್ರ ನಗಲಿಲ್ಲ. ಮಣ್ಣಲ್ಲೇ ಕೂತು ನನ್ನ ತಂತಿ ಕತ್ತರಿಸಿ, ಹೊಸದನ್ನು ಸರಿಯಾಗಿ ಸುತ್ತಿಕೊಟ್ಟರು. ಏಳುವಾಗ ಮೆಲ್ಲಗೆ ಕೇಳಿದರು:

"ನಿಮಗ ಇದನ್ನ ತೋರಸಾಕ ಯಾರೂ ಇರಲಿಲ್ಲೇನ್ರಿ?"

"ಇಲ್ರಿ," ಎಂದೆ, ಯಲ್ಲೇಶ. "ಯಾರೂ ಇರಲಿಲ್ರಿ."