ಮಂಗಳವಾರದ ರಸ್ಕು

ನೆಟ್ಟಣ
7 ಜುಲೈ 2024, ಭಾನುವಾರ

ಪ್ರೀತಿಯ ಫರ್ಝಾನಾ,

ನೀನು, ನಿನ್ನ ಮನೆಯವರು, ನಿನ್ನ ತಂದೆ ಅದ್ದು ಕಾಕ ಎಲ್ಲರೂ ಸೌಖ್ಯವಾಗಿದ್ದೀರಿ ಎಂದು ನಂಬಿದ್ದೇನೆ. ಕಾಗದ ತಡವಾಯಿತು, ಕ್ಷಮಿಸು ಎಂದು ಬರೆಯಲು ಹೊರಟು ನನಗೇ ನಾಚಿಕೆಯಾಯಿತು. ಇಪ್ಪತ್ತೆಂಟು ವರ್ಷವನ್ನು ಯಾರಾದರೂ ತಡ ಅನ್ನುತ್ತಾರಾ? ನಾನು ಭವಿತಾ, ಚೆನ್ನಕೇಶವ ಗೌಡರ ಮಗಳು. ನಾಲ್ಕನೇ ಕ್ಲಾಸಿನವರೆಗೆ ನಿನ್ನ ಪಕ್ಕ ಕೂತವಳು. ನೀನು ಮರೆತಿರಲಿಕ್ಕಿಲ್ಲ. ಮರೆಯುವಂಥದ್ದನ್ನು ನಾವು ನಿಮಗೆ ಮಾಡಲಿಲ್ಲ.

ನಿನ್ನ ವಿಳಾಸ ತಂದುಕೊಟ್ಟದ್ದು ನಮ್ಮಲ್ಲಿ ಅಡಿಕೆ ಕೊಯ್ಯುತ್ತಿದ್ದ ತ್ಯಾಂಪಣ್ಣ. ಉಪ್ಪಿನಂಗಡಿ ಪೇಟೆಯಲ್ಲಿ ಅದ್ದು ಕಾಕ ಸಿಕ್ಕಿದರಂತೆ. "ಕಣ್ಣು ಸರಿ ಕಾಣುದಿಲ್ಲ ಅಕ್ಕ ಅವರಿಗೆ. ಸ್ವರದಲ್ಲೇ ನನ್ನ ಗುರ್ತ ಹಿಡಿದ್ರು. ಮೊದಲು ಕೇಳಿದ್ದೇ ನಿಮ್ಮನ್ನು" ಎಂದ. ನಿನ್ನ ಮಗಳು ಜುಮಾನಾ ಪುತ್ತೂರಿನಲ್ಲಿ ನರ್ಸಿಂಗ್ ಕಲಿಯುತ್ತಿದ್ದಾಳೆ ಎಂದೂ ಹೇಳಿದ. ಫೋನ್ ನಂಬರ್ ಕೂಡ ಕೊಟ್ಟ. ಮೂರು ಸಲ ಒತ್ತಿ, ರಿಂಗ್ ಆಗುವ ಮೊದಲೇ ಕಟ್ ಮಾಡಿದೆ. ನಾವಿಬ್ಬರೂ ಮಾತಾಡುತ್ತಿದ್ದದ್ದು ತುಳುವಿನಲ್ಲಿ. ಆ ಭಾಷೆಯಲ್ಲಿ ಬಾಯಿ ತೆರೆದರೆ ನಾನು ಅಳುವುದೊಂದೇ ಆಗುತ್ತದೆ, ವಿಷಯ ಹೇಳಿ ಆಗುವುದಿಲ್ಲ. ಹಾಗಾಗಿ ಶಾಲೆಯಲ್ಲಿ ಕಲಿತ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ನಮ್ಮ ಕಡೆಯ ಸುದ್ದಿ ಹೇಳಿಬಿಡುತ್ತೇನೆ. ಅಮ್ಮ ತೀರಿಕೊಂಡು ಐದು ವರ್ಷವಾಯಿತು. ನಾನು ಒಬ್ಬಳೇ ಮಗಳಾದ್ದರಿಂದ ಮದುವೆಯಾದ ಮೇಲೂ ಇಲ್ಲೇ ಇದ್ದೇನೆ. ಗಂಡ ಬಸ್ಸು ಓಡಿಸುತ್ತಾರೆ, ಪುತ್ತೂರು ಡಿಪೋ. ಮಗ ದಿಶಾಂತ್ ಐದನೇ ಕ್ಲಾಸು. ಬೊಳ್ಳು ಎಂಬ ಬಿಳಿ ನಾಯಿ ಉಂಟು, ಉಂಡು ಮಲಗುವುದು ಬಿಟ್ಟರೆ ಅದಕ್ಕೆ ಬೇರೆ ಉದ್ಯೋಗ ಇಲ್ಲ. ಅಪ್ಪನಿಗೆ ಎಪ್ಪತ್ತೆಂಟು. ಊಟ, ಟಿ.ವಿ., ಬೈಗುಳ ಮೂರರಲ್ಲೂ ಏನೂ ಕಡಿಮೆಯಾಗಿಲ್ಲ.

ಅಪ್ಪನದು ಇನ್ನೊಂದು ಚಟ. ಮನೆಗೆ ಯಾರೇ ನೆಂಟರು ಬರಲಿ, ಜಗಲಿಯಲ್ಲಿ ಕೂತು ದಾಸುವಿನ ಕಥೆ ತೆಗೆಯಬೇಕು. "ಅಂಥ ನಾಯಿ ಈ ಸೀಮೆಯಲ್ಲಿ ಇರ್ಲಿಲ್ಲ ಮಾರಾಯ್ರೆ. ಕೊಕ್ಕೋ ತಕ್ಕೊಳ್ಳಿಕ್ಕೆ ಬರ್ತಿದ್ದ ಆ ಅದ್ದು ಬ್ಯಾರಿ ರಸ್ಕಿನಲ್ಲಿ ವಿಷ ಹಾಕಿ ಕೊಂದ. ಅವನಿಗೆ ನಾಯಿ ಕಂಡರೆ ಆಗ್ತಿರ್ಲಿಲ್ಲ." ಪ್ರತಿ ಸಲ ಅದೇ ಮಾತು, ಅದೇ ನಿಟ್ಟುಸಿರು. ನಾನು ಕಾಫಿ ಕೊಟ್ಟು ಒಳಗೆ ಹೋಗುತ್ತೇನೆ. ಇಷ್ಟು ವರ್ಷ ಹೀಗೆ ಒಳಗೆ ಹೋಗಿಯೇ ಕಳೆದೆ.

ಕಳೆದ ತಿಂಗಳು ಶಾಲೆಯಿಂದ ಟೀಚರ್ ಫೋನ್ ಮಾಡಿ ನನ್ನನ್ನು ಬರಲು ಹೇಳಿದರು. ದಿಶಾಂತನ ಕ್ಲಾಸಿನ ಒಬ್ಬ ಮುಸ್ಲಿಂ ಹುಡುಗ, ನಿಮ್ಮ ಹಾಗೇ ಬ್ಯಾರಿ, ಹುಟ್ಟುಹಬ್ಬಕ್ಕೆ ಎಲ್ಲರಿಗೂ ಬಿಸ್ಕತ್ತು ಹಂಚಿದ್ದಾನೆ. ನನ್ನ ಮಗ ಕೈ ಹಿಂದೆ ಕಟ್ಟಿಕೊಂಡು, "ನಂಗೆ ಬೇಡ. ನೀವು ಬಿಸ್ಕತ್ತಲ್ಲಿ ವಿಷ ಹಾಕ್ತೀರಿ. ನಮ್ಮ ನಾಯಿಯನ್ನು ಹಾಗೇ ಕೊಂದದ್ದು, ಅಜ್ಜ ಹೇಳಿದ್ದಾರೆ" ಅಂದನಂತೆ. ನಾನು ಹೋದಾಗ ಆ ಹುಡುಗ ಆಫೀಸಿನ ಬಾಗಿಲಲ್ಲಿ ಅರ್ಧ ಖಾಲಿಯಾದ ಪ್ಯಾಕೆಟು ಹಿಡಿದುಕೊಂಡು ನಿಂತಿದ್ದ. ನೀನೇ ನಿಂತ ಹಾಗೆ ಕಂಡಿತು ನನಗೆ. ಮನೆಗೆ ಬಂದು ದಿಶಾಂತನಿಗೆ ಎರಡು ಬಾರಿಸಿದೆ. ಅವನು ಅಳುತ್ತಾ, "ಹಾಗಾದ್ರೆ ಅಜ್ಜ ಹೇಳಿದ್ದು ಸುಳ್ಳಾ?" ಎಂದು ಕೇಳಿದ. ನಾನು ಪಾತ್ರೆ ತೊಳೆಯಲು ಹೋದೆ.

ಅದಾಗಿ ಎರಡು ವಾರಕ್ಕೆ ಬೊಳ್ಳು ಬಿತ್ತು. ಈ ವರ್ಷ ಕೊಕ್ಕೋಗೆ ರೇಟು ಬಂದಿದೆ ಎಂದು ಎಲ್ಲರೂ ಮರೆತಿದ್ದ ಗಿಡಗಳ ಬುಡಕ್ಕೆ ಮತ್ತೆ ಹೋಗುತ್ತಿದ್ದಾರೆ, ನಾವೂ ಅಷ್ಟೇ. ಕಾಯಿ ಒಡೆದು ಹಸಿ ಬೀಜವನ್ನು ಗೋಣಿಗೆ ತುಂಬಿಸಿ ಕೊಟ್ಟಿಗೆಯಲ್ಲಿಟ್ಟಿದ್ದೆ. ನಾಯಿ ಅದನ್ನು ಹರಿದು ಸಿಹಿ ಲೋಳೆಯ ಆಸೆಗೆ ಬೀಜ ನುಂಗಿದೆ. ಬೆಳಿಗ್ಗೆ ನೋಡುವಾಗ ಬಾಯಲ್ಲಿ ಜೊಲ್ಲು, ನಾಲ್ಕು ಕಾಲೂ ನಡುಗುತ್ತಿದೆ, ಕಣ್ಣು ಮೇಲೆ ಹೋಗಿದೆ. ಫರ್ಝಾನಾ, ದಾಸು ಬಿದ್ದದ್ದೂ ಥೇಟ್ ಹೀಗೇ.

ಆಟೋದಲ್ಲಿ ಹಾಕಿಕೊಂಡು ಪುತ್ತೂರಿಗೆ ಓಡಿದೆ. ನಾಯಿ ಡಾಕ್ಟರು ಸಣ್ಣ ಪ್ರಾಯದ ಹುಡುಗಿ. ಕೊಕ್ಕೋ ಬೀಜ ತಿಂದಿದೆ ಎಂದಾಗ, "ಚಾಕಲೇಟು ನಾಯಿಗೆ ವಿಷ ಅಂತ ಗೊತ್ತಿಲ್ವಾ ಅಕ್ಕ? ಅದು ಮಾಡುದೇ ಈ ಬೀಜದಿಂದ. ಹಸಿ ಬೀಜ ಅಂದ್ರೆ ಇನ್ನೂ ಜೋರು" ಎಂದಳು. ಕೊಕ್ಕೋ ಬೆಳೆಯುವ ಮನೆಯಲ್ಲಿ ಹುಟ್ಟಿ ಬೆಳೆದ ನನಗೆ ಅದು ಗೊತ್ತಿರಲಿಲ್ಲ. ಬೊಳ್ಳು ಬದುಕಿತು. ನಾನು ಅಲ್ಲಿನ ಬೆಂಚಿನ ಮೇಲೆ ಕೂತು ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆ. ನಾಯಿ ಮೇಲೆ ಎಷ್ಟು ಪ್ರೀತಿ ನೋಡಿ ಎಂದು ಪಕ್ಕದವರು ಅಂದುಕೊಂಡರು.

ಆ ಮೇ ತಿಂಗಳ ರಜೆ ನಿನಗೆ ನೆನಪಿರಬಹುದು. ಪ್ರತಿ ಮಂಗಳವಾರ ಅದ್ದು ಕಾಕ ಎಂ-ಎಯ್ಟಿ ಸ್ಕೂಟರಿನಲ್ಲಿ ತಕ್ಕಡಿ ಕಟ್ಟಿಕೊಂಡು ಕೊಕ್ಕೋ ತೂಗಲು ಬರುತ್ತಿದ್ದರು, ಹಿಂದೆ ನೀನು. ಅಮ್ಮ ಅವರಿಗೆ ಚಹಾ ಕೊಡುತ್ತಿದ್ದದ್ದು ಕೊಟ್ಟಿಗೆ ಗೋಡೆಯ ಮೇಲೆ ಬೇರೆಯೇ ಇಟ್ಟ ಗ್ಲಾಸಿನಲ್ಲಿ. ನಿನಗೆ ತೆಂಗಿನ ಗೆರಟೆಯಲ್ಲಿ. ನೀವು ಕೊಟ್ಟದ್ದನ್ನು ನಾನು ಬಾಯಿಗೆ ಹಾಕಿದರೆ ತೊಡೆ ಚಿವುಟಿ ನೀಲಿ ಮಾಡುತ್ತಿದ್ದಳು. ಆದರೂ ನಾವಿಬ್ಬರೂ ಕೊಟ್ಟಿಗೆಯ ಹಿಂದೆ ಒಂದೇ ಕೊಕ್ಕೋ ಹಣ್ಣಿನ ಬೀಜ ಚೀಪಿ ಯಾರು ದೂರ ಉಗುಳುವುದು ಎಂದು ಆಡುತ್ತಿದ್ದೆವು. ದಾಸು ಬಾಲ ಬಡಿಯುತ್ತಾ ಅದ್ದು ಕಾಕನ ಜೇಬಿನ ರಸ್ಕಿಗೆ ಕಾಯುತ್ತಿತ್ತು. ಅವರು ನಾಯಿಯನ್ನು ಮುಟ್ಟುತ್ತಿರಲಿಲ್ಲ, ದೂರದಿಂದಲೇ ಎಸೆದು, "ತಿನ್ನು ಗೌಡ, ತಿನ್ನು" ಎಂದು ನಗುತ್ತಿದ್ದರು. ನಾಯಿಗೆ ಗೌಡ ಅಂದರೆ ಅಪ್ಪನಿಗೆ ಒಳಗೊಳಗೇ ಉರಿಯುತ್ತಿತ್ತು.

ಆ ಸಲ ಸೋಮವಾರ ಸಂಜೆ ಬೀಜ ಚೀಪುವ ಆಸೆಗೆ ಗೋಣಿಯ ಬಾಯಿ ಬಿಚ್ಚಿದವಳು ನಾನು. ಕಟ್ಟಲು ಮರೆತೆ. ಮರುದಿನ ನೀವು ಬರುವಾಗ ದಾಸು ಏಳಲಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ಸತ್ತಿತು. ಅದ್ದು ಕಾಕ ರಸ್ಕು ಎಸೆದದ್ದನ್ನು ಜಗಲಿಯಿಂದ ಎಲ್ಲರೂ ಕಂಡಿದ್ದರು. ಅಷ್ಟು ಸಾಕಾಯಿತು.

ಭಾನುವಾರ ನಮ್ಮ ಅಂಗಳದಲ್ಲಿ ಊರಿನ ಹತ್ತು ಜನ ಸೇರಿದ್ದರು. ನೀನು ನಿನ್ನ ತಂದೆಯ ಲುಂಗಿ ಹಿಡಿದುಕೊಂಡು, "ನಾವು ಬರುವಾಗಲೇ ದಾಸು ಮಲಗಿತ್ತು, ಓಡಿ ಬರಲಿಲ್ಲ" ಎಂದು ಎರಡು ಸಲ ಹೇಳಿದೆ. ಬ್ಯಾರಿಯ ಮಗಳ ಸಾಕ್ಷಿ ಯಾರಿಗೆ ಬೇಕು? ಅಪ್ಪ ನನ್ನನ್ನು ಮುಂದಕ್ಕೆ ಕರೆದು, "ಇವನು ಹಾಕಿದ ರಸ್ಕನ್ನು ದಾಸು ತಿಂದದ್ದು ನೀನು ನೋಡಿದ್ದೀಯಲ್ಲ ಮಗಾ?" ಎಂದು ಕೇಳಿದರು. ನಾನು ಹೌದೆಂದು ತಲೆ ಅಲ್ಲಾಡಿಸಿದೆ. ಹತ್ತು ವರ್ಷದ ಮಗು, ದಾಸು ತಿಂದಿತೋ ಇಲ್ಲವೋ ಸರಿಯಾಗಿ ನೋಡಿಯೂ ಇರಲಿಲ್ಲ. ಅಪ್ಪ ಕೇಳಿದ ಧಾಟಿಗೆ ತಲೆ ಆಡಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನಾನು ಮಾತು ಕೂಡ ಆಡಲಿಲ್ಲ.

ಆಮೇಲೆ ನಿಮಗೆ ಯಾರೂ ಕೊಕ್ಕೋ ಕೊಡಲಿಲ್ಲ. ಯಾರೋ ತಕ್ಕಡಿ ಮುರಿದು ತೋಡಿಗೆ ಬಿಸಾಡಿದರು. ಜೂನಿನಲ್ಲಿ ಶಾಲೆ ಶುರುವಾದಾಗ ನಿನ್ನ ಜಾಗ ಖಾಲಿ ಇತ್ತು. ಟೀಚರ್ ಹಾಜರಿ ಕೂಗುವಾಗ ನಿನ್ನ ಹೆಸರು ಬಂದರೆ ನಾನು ತಲೆ ತಗ್ಗಿಸುತ್ತಿದ್ದೆ. ಒಂದು ವಾರ ಕೂಗಿ ಬಿಟ್ಟರು.

ಪುತ್ತೂರಿನಿಂದ ಬಂದ ದಿನವೇ ಅಪ್ಪನಿಗೆ ಎಲ್ಲ ಹೇಳಿದೆ, ಗೋಣಿ ಬಿಚ್ಚಿದ್ದನ್ನೂ ಸೇರಿಸಿ. ಅವರು ಟಿ.ವಿ.ಯಿಂದ ಕಣ್ಣು ತೆಗೆಯದೆ, "ಈಗ ಅದನ್ನು ಕೆದಕಿ ಎಂತ ಆಗ್ಲಿಕ್ಕುಂಟು? ನಾಯಿ ಸತ್ತಾಯ್ತು, ಬ್ಯಾರಿ ಹೋಗಿಯಾಯ್ತು" ಎಂದರು. ಚಾನೆಲ್ ಬದಲಿಸಿ, "ಆ ಡಾಕ್ಟ್ರು ಹುಡುಗಿ ನಿನ್ನೆ ಮೊನ್ನೆ ಹುಟ್ಟಿದವಳು, ಅವಳಿಗೆ ಎಂತ ಗೊತ್ತು" ಎಂದರು. ಮೊನ್ನೆ ಕೆದಂಬಾಡಿಯಿಂದ ಅಪ್ಪನ ಭಾವ ಬಂದಿದ್ದರು. ಜಗಲಿಯಲ್ಲಿ ಮತ್ತೆ ಅದೇ ಕಥೆ, ಒಂದು ಅಕ್ಷರ ಬದಲಾಗಿಲ್ಲ. ಈ ಸಲ ನಾನು ಒಳಗೆ ಹೋಗಲಿಲ್ಲ. ಕಾಫಿ ತಟ್ಟೆ ಹಿಡಿದುಕೊಂಡೇ, "ಸುಳ್ಳು. ಕೊಂದದ್ದು ನಮ್ಮ ಕೊಕ್ಕೋ" ಎಂದೆ. ಅಪ್ಪ ನನ್ನಲ್ಲಿ ಮಾತು ಬಿಟ್ಟು ಇವತ್ತಿಗೆ ಮೂರು ದಿನ. ನನ್ನ ಸಾಕ್ಷಿ ಬೇಕಾದಾಗ ಮಗಾ ಎಂದು ಕರೆದ ಬಾಯಿ ಅದು. ನನಗೆ ಅವರನ್ನು ಕಂಡರೆ ಈಗ ಹೇಸಿಗೆಯಾಗುತ್ತದೆ, ಆದರೂ ಹೊತ್ತುಹೊತ್ತಿಗೆ ಗಂಜಿ ಬಡಿಸುತ್ತೇನೆ.

ದಿಶಾಂತನಿಗೂ ಹೇಳಿದ್ದೇನೆ. ಅವನು ಒಂದು ಬಿಸ್ಕತ್ತು ಪ್ಯಾಕೆಟು ತೆಗೆದುಕೊಂಡು ಹೋಗಿ ಆ ಹುಡುಗನಿಗೆ ಕೊಟ್ಟನಂತೆ. ಹುಡುಗ ತೆಗೆದುಕೊಳ್ಳಲಿಲ್ಲವಂತೆ. ಸರಿಯೇ.

ನಿನ್ನ ಮನೆಗೆ ಬರುತ್ತೇನೆ ಎಂದು ಬರೆಯುವ ಧೈರ್ಯ ನನಗಿಲ್ಲ. ನೀನು ಬಾ ಎಂದರೆ ಬರುತ್ತೇನೆ. ಅನ್ನದಿದ್ದರೂ ಬೇಸರ ಇಲ್ಲ. ನಿನ್ನ ಜುಮಾನಾ ಚೆನ್ನಾಗಿ ಕಲಿಯಲಿ, ಅವಳ ಮಾತನ್ನು ನಾಲ್ಕು ಜನ ಕಿವಿಗೊಟ್ಟು ಕೇಳಲಿ. ಅದ್ದು ಕಾಕನಿಗೆ ದೇವರು ಆಯುಸ್ಸು ಕೊಡಲಿ.

ಇಂತು ನಿನ್ನ
ಭವಿತಾ

ಮರೆತ ಮಾತು: ಮರೆತದ್ದಲ್ಲ. ಕವರಿಗೆ ಅಂಟು ಹಚ್ಚಿ, ಮತ್ತೆ ಹರಿದು ಬರೆಯುತ್ತಿದ್ದೇನೆ. ಸರಿಯಾಗಿ ನೋಡಿರಲಿಲ್ಲ ಎಂದು ಮೇಲೆ ಬರೆದೆನಲ್ಲ, ಅದು ಸುಳ್ಳು. ಗಂಡನಿಗೂ ನಾನು ಹಾಗೇ ಹೇಳಿದ್ದು.

ದಾಸು ಆ ರಸ್ಕನ್ನು ಮೂಸಿಯೂ ನೋಡಲಿಲ್ಲ. ಅದು ಕೊಟ್ಟಿಗೆಯ ಮೆಟ್ಟಿಲ ಮೇಲೆ ಬಿದ್ದಿತ್ತು. ನಿಮ್ಮ ಗಾಡಿ ತಿರುವು ದಾಟಿದ ಮೇಲೆ, ಅಮ್ಮ ನೋಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು, ಅದನ್ನು ಹೆಕ್ಕಿ ತಿಂದವಳು ನಾನು. ಸಕ್ಕರೆ ಹಾಕಿದ ರಸ್ಕು, ಏಲಕ್ಕಿಯ ಪರಿಮಳ ಇತ್ತು. ಭಾನುವಾರ ಆ ಅಂಗಳದಲ್ಲಿ ಅದರಲ್ಲಿ ವಿಷ ಇರಲಿಲ್ಲ ಎಂದು ಗೊತ್ತಿದ್ದವಳು ನಾನೊಬ್ಬಳೇ. ಹೇಳಿದ್ದರೆ, ಬ್ಯಾರಿ ನಾಯಿಗೆ ಎಸೆದದ್ದನ್ನು ಹೆಕ್ಕಿ ತಿಂದೆ ಎಂದು ಹತ್ತು ಜನರ ಎದುರು ಹೇಳಬೇಕಿತ್ತು. ನನಗೆ ಅಮ್ಮ ಚಿವುಟುತ್ತಾಳೆಂಬ ಹೆದರಿಕೆ.

ನಾನು ತಲೆ ಅಲ್ಲಾಡಿಸಿದಾಗ ಅದ್ದು ಕಾಕ ತುಂಬ ಹೊತ್ತು ನನ್ನನ್ನೇ ನೋಡಿದರು. ಆಮೇಲೆ ಅಪ್ಪನ ಕಡೆ ತಿರುಗಿ, "ಮಗು ಸುಳ್ಳು ಹೇಳುದಿಲ್ಲ ಗೌಡ್ರೆ. ಅಂಗಡಿಯಿಂದ ತಂದ ರಸ್ಕು, ನನಗೆ ಗೊತ್ತಿಲ್ಲದೆ ಅದರಲ್ಲಿ ಎಂತಾದ್ರೂ ಇತ್ತೋ ಏನೋ" ಎಂದರು. ಇಷ್ಟು ವರ್ಷ ಅವರು ಹಾಗೇ ಅಂದುಕೊಂಡಿದ್ದರೆ, ಫರ್ಝಾನಾ, ಮೇಲೆ ಬರೆದದ್ದು ಏನೂ ಬೇಡ, ಅವರ ಕಿವಿಯ ಹತ್ತಿರ ಕೂತು ಇದೊಂದನ್ನು ಓದಿ ಹೇಳು. ರಸ್ಕು ಒಳ್ಳೆಯದಿತ್ತು ಕಾಕ. ನಾನು ತಿಂದಿದ್ದೆ.