ನಿನ್ನ ಪಾಲಿನ ಮಣ್ಣು

ಮಾರ್ಕೋನಹಳ್ಳಿ
ಭಾನುವಾರ

ರವಿಕಿರಣ,

ನೀನು ಕೇಳಿದ ಮಣ್ಣನ್ನು ಕುಣಿಗಲ್ ಬಸ್ಸಿನ ಕಂಡಕ್ಟರ್ ಕೈಯಲ್ಲಿ ತುಮಕೂರಿಗೆ ಕಳಿಸಿದ್ದೇನೆ. ಕವರ್ ಬಿಚ್ಚುವ ಮೊದಲು ಇದನ್ನು ಓದು.

ಗುರುವಾರ ಬೆಳಿಗ್ಗೆ ಅಮ್ಮ ತೀರಿಕೊಂಡಳು. ನನ್ನ ಫೋನನ್ನು ನೀನು ಎತ್ತಲಿಲ್ಲ. ಯಲ್ಲಯ್ಯ ಮಾವನದನ್ನು ಎತ್ತಿದೆ. ನಿನ್ನ ಲ್ಯಾಬಿಗೆ ಕೆರೆಮಣ್ಣು ಕಳಿಸುವವರು ಅವರಲ್ಲವೇ. ಅವರು ಅಳುತ್ತಾ, "ಸಂಜೆಗೆ ಮಣ್ಣು ಕಣಪ್ಪಾ, ಬೇಗ ಬಾ" ಎಂದರು.

"ಬರಕ್ಕಾಗಲ್ಲ ಮಾವ, ಸೆಮಿನಾರ್ ಐತೆ. ಕವರಿಗೆ ತುಂಬಿ ಬಸ್ಸಿಗೆ ಹಾಕ್ಬುಡಿ" ಎಂದೆ ನೀನು. ನಾನು ಮಾವನ ಕೈಯಿಂದ ಫೋನ್ ಕಸಿದುಕೊಳ್ಳುವಷ್ಟರಲ್ಲಿ ನೀನು ಕಟ್ ಮಾಡಿದ್ದೆ, ಆಮೇಲೆ ಸ್ವಿಚ್ ಆಫ್. ಮತ್ತೆ ನಾನು ಮಾಡಲಿಲ್ಲ.

ಡ್ಯಾಮಿನ ಅಂಚಿನಲ್ಲಿ ಸಿಕ್ಕ ಸಾವಿರಾರು ವರ್ಷದ ಮಡಕೆಚೂರನ್ನು ಸೀಳಿ ನೋಡಿ, ಅದು ಯಾವ ಕೆರೆಯ ಮಣ್ಣು, ತಿಗರಿಯ ಮೇಲೆ ತಿರುಗಿಸಿದ್ದೋ ಕೈಯಲ್ಲಿ ತಟ್ಟಿದ್ದೋ, ಎಷ್ಟು ಬೆಂಕಿ ಕಂಡಿದೆ ಎಂದೆಲ್ಲ ಹೇಳುತ್ತೀಯೆ. ಕುಂಬಾರರ ಮನೆಯಲ್ಲಿ ಹುಟ್ಟಿದವನಿಗೆ, ಮುದುಕನೊಬ್ಬ ಅಳುತ್ತಾ ಮಣ್ಣು ಎಂದರೆ ಯಾರನ್ನೋ ಹೂಳುತ್ತಿದ್ದಾರೆ ಎಂದು ಹೊಳೆಯಲಿಲ್ಲ.

ಕವರಿನಲ್ಲಿರುವುದು ಕೆರೆಯದಲ್ಲ. ಅಮ್ಮನ ಗುಂಡಿಗೆ ಎಲ್ಲರೂ ಮೂರು ಹಿಡಿ ಹಾಕಿದರು. ಮಗನದು ಹಾಗೇ ಉಳಿಯಿತು.

ಜರಡಿ ಹಿಡಿಯಬೇಡ, ನಂಬರ್ ಅಂಟಿಸಬೇಡ. ಬಿಡುವಾದಾಗ ತಂದು ಹಾಕಿ ಹೋಗು.

ನಿನ್ನ ಅಕ್ಕ,
ಭಾನುಪ್ರಿಯಾ